ಗುಂಡಿಗೆ ಹೋದ ಒಂಬೈನೂರು ಹುಳು

ಚಂದ್ರಮೋಹನ್ ಕೋಲಾರದ ಒಂದು ಖಾಸಗಿ ರೇಷ್ಮೆ ಮೊಟ್ಟೆ ಕಂಪನಿಯ ಮ್ಯಾನೇಜರು. ಹುಳುವನ್ನು ಕೈಯಲ್ಲಿ ಮುಟ್ಟಿದವರಲ್ಲ. ಹುಳುವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು. ಕಂಪನಿಯ ಹೊಸ ತಳಿ ಎಷ್ಟು ಗಟ್ಟಿ ಎಂದು ರೈತರಿಗೆ ತೋರಿಸಬೇಕಿತ್ತು. ಅದಕ್ಕೆಂದು ಸಂಖ್ಯಾಶಾಸ್ತ್ರ ಓದಿದ ತೇಜಸ್ವಿನಿಯನ್ನು ಕೆಲಸಕ್ಕೆ ಇಟ್ಟುಕೊಂಡರು.

ಸಾವಿರದ ಇನ್ನೂರು ಹುಳು, ಚಂದ್ರಮೋಹನ್ ಕೊಟ್ಟ ಪಟ್ಟಿಯಲ್ಲಿ ಒಂದೊಂದಕ್ಕೂ ಒಂದು ಸಾಲು. ಸತ್ತಿದ್ದರೆ ಒಂದು, ಬದುಕಿದ್ದಾಗಲೇ ಎಣಿಕೆ ನಿಂತಿದ್ದರೆ ಸೊನ್ನೆ. ಇದನ್ನು 'ಸರ್ವ್‌ಫಿಟ್' ಎಂಬ ಕಂಪ್ಯೂಟರ್ ಫಂಕ್ಷನ್ನಿಗೆ ಕೊಟ್ಟರೆ ಅದು ಬದುಕುಳಿಯುವಿಕೆಯ ಗೆರೆ ಎಳೆಯುತ್ತದೆ. ಸಾವು ಆದಲ್ಲೆಲ್ಲ ಗೆರೆ ಮೆಟ್ಟಿಲಿನಂತೆ ಇಳಿಯುತ್ತದೆ, ಸೊನ್ನೆಗೆ ಇಳಿಯುವುದಿಲ್ಲ. ತೇಜಸ್ವಿನಿಗೆ ಬಂದ ಗೆರೆ ಇಳಿಯಲೇ ಇಲ್ಲ. ಚಂದ್ರಮೋಹನ್ ಅದನ್ನು ಬಾಗಿಲಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು.

ಅವಳಿಗೆ ಅನುಮಾನ ಬಂತು. ಇಪ್ಪತ್ತನೇ ದಿನ ಒಂಬೈನೂರು ಹುಳುಗಳಿಗೆ ಒಟ್ಟಿಗೆ ಸೊನ್ನೆ ಬಿದ್ದಿತ್ತು. ಎಲ್ಲವೂ ಮುಳಬಾಗಿಲಿನ ಕಡೆಯ ದೇವರಾಯಸಮುದ್ರದಲ್ಲಿ ದೊಡ್ಡಗಂಗಮ್ಮ ಎಂಬ ರೈತ ಹೆಂಗಸು ಸಾಕಿದ ಹುಳುಗಳು. ತೇಜಸ್ವಿನಿ ಬಸ್ಸು ಹತ್ತಿ ಹೋಗಿ ಕೇಳಿದಳು.

"ಹಾಲುತೊಂಡೆ ರೋಗ ಬಂದು ಎಲ್ಲಾ ಊದ್ಕೊಂಡು ಸತ್ತೋದ್ವು ಅಮ್ಮಾಯಿ. ನಿಮ್ಮ ಸಾರೇ ಬಂದು ನೋಡಿ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚು ಅಂದ್ರು" ಎಂದಳು ಆಕೆ.

ಮರುದಿನ ತೇಜಸ್ವಿನಿ ಆಫೀಸಿನಲ್ಲಿ ವಿಚಾರಿಸಿದಳು. ಚಂದ್ರಮೋಹನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹೂತ್ಮೇಲೆ ಎಣಿಸೋಕಾಗುತ್ತೇನ್ರೀ? ಎಣಿಕೆ ನಿಂತೋಯ್ತು. ಅದಕ್ಕೇ ಸೊನ್ನೆ."

ತಮ್ಮ ಜಾಣತನಕ್ಕೆ ತಾವೇ ನಕ್ಕರು. ಎರಡು ದಿನದ ಅಂಕಿಅಂಶ ತರಬೇತಿಗೆ ಸಿಕ್ಕಿದ ಸರ್ಟಿಫಿಕೇಟು ಅವರ ತಲೆಯ ಹಿಂದೆ ಚಿನ್ನದ ಬಣ್ಣದ ಕಟ್ಟಿನಲ್ಲಿ ಹೊಳೆಯುತ್ತಿತ್ತು.

ತೇಜಸ್ವಿನಿ ತನ್ನ ಮೇಜಿಗೆ ಹೋಗಿ ಪಟ್ಟಿ ತೆರೆದಳು. ಒಂಬೈನೂರು ಸೊನ್ನೆ ಅಳಿಸಿ ಒಂದು ಬರೆದಳು. ಇಪ್ಪತ್ತನೇ ದಿನ ಗೆರೆ ದಬಕ್ಕನೆ ಕೆಳಗೆ ಬಿತ್ತು. ನೂರಕ್ಕೆ ಇಪ್ಪತ್ತೈದು ಹುಳು ಉಳಿದಿದ್ದವು.

ಮುಂದಿನ ವಾರ ಮಾಲೂರಿನಲ್ಲಿ ರೈತರ ಸಭೆ. ಪರದೆಗೆ ಚಿತ್ರ ಬಿಡುವ ಕೆಲಸ ಅವಳದೇ. ಅವಳು ಲ್ಯಾಪ್‌ಟಾಪಿನಿಂದ ಹೊಸ ಗೆರೆಯನ್ನೇ ಬಿಟ್ಟಳು. ಚಂದ್ರಮೋಹನ್ ಹಿಂದೆ ತಿರುಗಿ ನೋಡುವ ಪೈಕಿಯವರಲ್ಲ. ಪರದೆಗೆ ಬೆನ್ನು ಹಾಕಿ, ಬಿದ್ದ ಗೆರೆಯನ್ನೇ ಕೋಲಿನಿಂದ ತೋರಿಸುತ್ತ, ನಮ್ಮ ತಳಿ ಬಂಡೆಯ ಹಾಗೆ ನಿಲ್ಲುತ್ತದೆ ಎಂದು ಹತ್ತು ನಿಮಿಷ ಕೊರೆದರು. ಮುಂದಿನ ಸಾಲಿನವರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು.

ಸಭೆಗೆ ಬಂದಿದ್ದ ದೊಡ್ಡಗಂಗಮ್ಮ ಎದ್ದು ನಿಂತು ಹೇಳಿದಳು: "ಅಲ್ಲಿ ಬಿದ್ದಿರೋದು ನಮ್ಮ ಹುಳಾನೇ ಸಾರ್. ನೀವೇ ನಿಂತು ಹೂತಾಕ್ಸಿದ್ದು."

ಆಗ ಅವರು ತಿರುಗಿದರು.

ಆ ದಿನ ಒಬ್ಬರೂ ಮೊಟ್ಟೆಗೆ ಹೆಸರು ಬರೆಸಲಿಲ್ಲ. ಫಂಕ್ಷನ್ ಬಳಸಲು ಬಾರದವಳು ಎಂಬ ಕಾರಣ ಕೊಟ್ಟು ತೇಜಸ್ವಿನಿಯನ್ನು ಕೆಲಸದಿಂದ ತೆಗೆದರು. ಒಂದು ತಿಂಗಳು ಅವಳು ಮನೆಯಲ್ಲಿ ಕುಗ್ಗಿ ಕೂತಿದ್ದಳು. ಈಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳು ಎಷ್ಟು ದಿನ ಬಾಳುತ್ತವೆ ಎಂದು ಗೆರೆ ಎಳೆಯುತ್ತಾಳೆ. ಚಂದ್ರಮೋಹನ್ ಅದೇ ಕುರ್ಚಿಯಲ್ಲಿದ್ದಾರೆ. ಮುಳಬಾಗಿಲಿನ ಕಡೆ ಮಾತ್ರ ಅವರ ಜೀಪು ಕಂಡರೆ ರೈತರು ಹುಳುಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ.