ನಾನು ಅಂದರೆ ಶಿವಾನಿ

"ಪುಣ್ಯದ ಕೆಲಸ ಮಾಡ್ತಿದ್ದೀರ ಬಿಡಿ ಮೇಡಂ" ಎಂದು ಯಾರಾದರೂ ಶುರು ಮಾಡಿದರೆ, ಮುಂದಿನ ಮಾತು ಫೀಸಿನ ಚೌಕಾಸಿ ಎಂದೇ ತಿಳಿಯಬೇಕು. ಕಿವುಡರಿಗೂ ಕಿವಿ ಕೇಳುವವರಿಗೂ ನಡುವೆ ಕುಳಿತು, ಬಾಯಿಮಾತನ್ನು ಕೈಸನ್ನೆಗೆ, ಕೈಸನ್ನೆಯನ್ನು ಬಾಯಿಮಾತಿಗೆ ದಾಟಿಸುವುದು ನನ್ನ ಕೆಲಸ. ಇದನ್ನೇ ಕಲಿತೆ, ಇದರಲ್ಲೇ ಬದುಕುತ್ತೇನೆಂದು ಹೊರಟೆ. ಹಲಸೂರಿನ ನಮ್ಮ ಮನೆ ಓನರ್ ಬಾಡಿಗೆಗೆ ಪುಣ್ಯ ತೆಗೆದುಕೊಳ್ಳುವುದಿಲ್ಲ. ದಿನವಿಡೀ ಕೈಯಾಡಿಸಿ ಭುಜ ಬಿದ್ದುಹೋಗಿದೆ. ಮನಸ್ಸೂ ಅಷ್ಟೇ, ಸಾಕಪ್ಪಾ ಸಾಕು ಎನ್ನುತ್ತಿರುತ್ತದೆ.

ಶಿವಶಂಕರಪ್ಪನವರು ಮಾತ್ರ ಚೌಕಾಸಿ ಮಾಡಲಿಲ್ಲ. ಹುಬ್ಬಳ್ಳಿ ಕಡೆಯವರು, ಕೆ.ಆರ್. ಪುರದಲ್ಲಿ ಮನೆ, ವಿಮಾ ಕಚೇರಿಯಲ್ಲಿ ಕೆಲಸ. ಮಗಳು ಶಿವಾನಿಗೆ ಹುಟ್ಟಿನಿಂದ ಕಿವಿ ಕೇಳದು. ಇಂದಿರಾನಗರದ ಕೆಫೆಯೊಂದರಲ್ಲಿ ಕಾಫಿ ಮಾಡುತ್ತಾಳೆ. ಅವಳ ಎದೆಯ ಗಂಟಿನ ರಿಪೋರ್ಟ್ ಬಂದಿತ್ತು. ಶಿವಾಜಿನಗರದ ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ನನಗಾಗಿ ಕಾದಿದ್ದು, ಫೀಸಿನ ಕವರನ್ನು ಮೊದಲೇ ಕೈಗಿಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

"ಕ್ಯಾನ್ಸರ್ ಅಂತ್ರೀ. ನೀವು ಆಕೀಗೆ ಬರೇ ಗಂಟು, ಸಣ್ಣ ಆಪರೇಷನ್ ಅಂತಷ್ಟ ಹೇಳ್ರಿ," ಎಂದರು. ಕಣ್ಣು ಕೆಂಪಾಗಿದ್ದವು. "ತಾಯಿ ಇಲ್ಲದ ಹುಡುಗಿ ಐತ್ರೀ. ಎದಿ ಒಡಕೊಂಡು ಬಿಡ್ತಾಳ."

"ಸರ್, ನಾನು ಹಾಗೆಲ್ಲ ಬದಲಾಯಿಸೋ ಹಾಗಿಲ್ಲ."

"ನಿಮ್ಮ ಕಾಲಿಗೆ ಬೀಳ್ತೀನ್ರೀ." ಬಗ್ಗಿಯೇಬಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಶಿವಾನಿಯ ಹೆಸರು ಕೂಗಿದರು; ಆಚೆ ತುದಿಯ ಬೆಂಚಿನಲ್ಲಿದ್ದ ಅವಳನ್ನು ಕರೆದುಕೊಂಡು ಮೂವರೂ ಒಳಗೆ ಹೋದೆವು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ದಣಿದವರ ಹಣೆಬರಹವೇ ಅಷ್ಟು, ಜಗಳಕ್ಕೂ ತ್ರಾಣ ಇರುವುದಿಲ್ಲ.

ಡಾಕ್ಟರ್ ಚಿನ್ಮಯಿ ರೋಗಿಯನ್ನು ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಾ ಹೇಳಿದರು: ಕ್ಯಾನ್ಸರ್ ಇದೆ, ಎಡಗಡೆಯ ಸ್ತನ ಪೂರ್ತಿ ತೆಗೆಯಬೇಕು, ಆಮೇಲೆ ಕಿಮೊ. ನನ್ನ ಕೈ 'ಗಂಟು' ಎಂದಿತು. 'ಆಪರೇಷನ್' ಎಂದಿತು. ಇನ್ನು 'ಚಿಕ್ಕದು' ಎನ್ನಬೇಕಿತ್ತು, ಕೈ ಏಳಲಿಲ್ಲ. ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ "ಆ ಕೈಸನ್ನೆಯ ವೇದಾ ಬೇಡ, ಮನೆ ಒಡೀತಾಳೆ" ಎಂದು ಸುದ್ದಿ ಹಬ್ಬುತ್ತದೆ. ನಮ್ಮನ್ನು ಕರೆಸುವವರೂ ದುಡ್ಡು ಕೊಡುವವರೂ ಮನೆಯವರೇ. ಹೇಳದಿದ್ದರೆ ಈ ಹುಡುಗಿಗೆ ಆಪರೇಷನ್ ಆಗಿ ಎಚ್ಚರವಾದಾಗ, ಎದೆ ಮುಟ್ಟಿ ನೋಡಿಕೊಂಡಾಗಲೇ ಗೊತ್ತಾಗುತ್ತದೆ.

ಶಿವಾನಿ ನನ್ನನ್ನೇ ನೋಡುತ್ತಿದ್ದಳು. ಕಿವುಡರ ಮುಂದೆ ಮುಖ ಮುಚ್ಚಿಡುವುದು ಆಗದ ಮಾತು. ಕೈಯಲ್ಲಿ ಕೇಳಿದಳು: ಅವರು ಅಷ್ಟು ಹೊತ್ತು ಮಾತಾಡಿದರು, ನೀನು ಹೇಳಿದ್ದು ಇಷ್ಟೇನಾ? ನಿನಗೆ ದುಡ್ಡು ಕೊಟ್ಟಿದ್ದು ಯಾರು?

ನಾನು ಅವಳ ಅಪ್ಪನನ್ನು ತೋರಿಸಿದೆ.

ಅವಳು ಬ್ಯಾಗು ತೆರೆದು, ಸಿಕ್ಕಷ್ಟು ನೋಟು ತೆಗೆದು ನನ್ನ ಮಡಿಲಿಗೆ ಹಾಕಿದಳು. ಇದು ನನ್ನ ಸಂಬಳ, ಎಂದಳು. ಅವರದನ್ನು ವಾಪಸ್ ಕೊಡು. ಈಗ ನನಗಾಗಿ ಕೆಲಸ ಮಾಡು.

ಅಯ್ಯೋ ಶಿವನೇ! ಪುಣ್ಯ ಬರುತ್ತದೆ ಎಂದು ಹರಸಿದವರಿಗೆ ಲೆಕ್ಕವಿಲ್ಲ. ಹೀಗೆ ದುಡ್ಡು ಕೊಟ್ಟು ನನ್ನ ಕೆಲಸವನ್ನು ನನ್ನಿಂದ ಹಕ್ಕಾಗಿ ಕೇಳಿದವಳು ಇವಳೊಬ್ಬಳೇ. ನನಗೆ ನಾಚಿಕೆಯಾಯಿತು. ಕವರನ್ನು ಶಿವಶಂಕರಪ್ಪನವರ ಮುಂದಿಟ್ಟು, ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದೆ.

ಅವಳು ಮೇಜಿನ ಮೇಲಿದ್ದ ರಿಪೋರ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ ಕೈಯಾಡಿಸಿದಳು. ನಮ್ಮ ಕೆಲಸದಲ್ಲಿ 'ಅವಳು ಹೀಗಂದಳು' ಎನ್ನುವಂತಿಲ್ಲ. ಅವರು 'ನಾನು' ಅಂದರೆ ನಮ್ಮ ಬಾಯಲ್ಲೂ 'ನಾನು' ಎಂದೇ ಬರಬೇಕು.

"ಅಪ್ಪಾ, ನನ್ನ ಮೈಯಲ್ಲಿರೋ ರೋಗ ನನಗೇ ಯಾಕೆ ಗೊತ್ತಾಗಬಾರದು?" ಎಂದೆ. "ಇಲ್ಲಿರೋ ಎಲ್ರಿಗೂ ಗೊತ್ತು. ನನಗೆ ಕಿವಿ ಕೇಳಲ್ಲ, ಅಷ್ಟೇ. ನಾನು ಮಗು ಅಲ್ಲಪ್ಪಾ."

ಶಿವಶಂಕರಪ್ಪ ನನ್ನ ಮುಖ ನೋಡಿ ಅತ್ತುಬಿಟ್ಟರು. "ನನಗ ಹೆದರಿಕಿ ಆತವ್ವಾ."

"ನನ್ನನ್ನ ನೋಡಬೇಡಿ ಸರ್. ಅವಳನ್ನ ನೋಡಿ ಹೇಳಿ."

ಅವರು ಮಗಳತ್ತ ತಿರುಗಿದರು. ಊಟ, ಬಾ, ಮಲಗು, ಇಷ್ಟು ಬಿಟ್ಟರೆ ಅವರಿಗೆ ಕೈಯಲ್ಲಿ ಏನೂ ಹೇಳಲು ಬಾರದು. ಎರಡೂ ಕೈ ಎತ್ತಿದರು. ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಕುಳಿತರು.

"ಹೆದರಿಕಿ ಅನ್ನಾಕ ಹೆಂಗ ಮಾಡ್ಬೇಕ್ರೀ ಮೇಡಂ?"

ತೋರಿಸಿದೆ. ಅವರು ಮಾಡಿದ್ದು ತಪ್ಪಾಗಿತ್ತು. ಶಿವಾನಿಗೆ ಅರ್ಥವಾಯಿತು, ಆಗ ಅತ್ತಳು.