ಅಂಬಲಿ ಗಡಿಗೆಯ ಡೋನಟ್ಟು

ಕಾಂತಾಬಾಯಿಯ ಮೂಗಿನ ಮುಂದೆ ಸರ್ಕಾರದ ಪ್ರಯೋಗಾಲಯಗಳು ಯಾವ ಲೆಕ್ಕ! ಜಹೀರಾಬಾದಿನ ತನ್ನ ಅಡುಗೆಮನೆಯಲ್ಲಿ ನಿಂತೇ, ಹಲವು ಮೈಲಿ ಆಚೆಯ ನ್ಯಾಲ್ಕಲ್‌ನಲ್ಲಿ ಯಾರ ಮನೆಯ ಹಾಲು ಒಡೆದಿದೆಯೆಂದು ಹೇಳಬಲ್ಲ ಹೆಂಗಸು ಆಕೆ. ತಾಂಡೂರು ಕಲ್ಲಿನ ನೆಲವನ್ನು ದಿನಕ್ಕೆ ಏಳು ಸಲ ತೊಳೆದು ಅರ್ಧ ಇಂಚು ಸವೆಸಿದ್ದಳು. ಬೇರೆಯವರ ಮನೆಯಲ್ಲಿ ನೀರು ಕುಡಿದು ಹತ್ತೊಂಬತ್ತು ವರ್ಷವಾಗಿತ್ತು. ಅದು ಜಾತಿಯ ಮಾತಲ್ಲ. ಮಠದ ಸ್ವಾಮಿಗಳ ತಂಬಿಗೆಯನ್ನೂ ಆಕೆ ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ, ಹಾಗೇ ಕೆಳಗಿಟ್ಟವಳು.

ಇದಕ್ಕೆ ಓಣಿಯವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭರವಸೆ. "ಕಾಂತಾಬಾಯಿ ಮನೀದಂದ್ರ ಕಣ್ ಮುಚ್ಚಿ ಬಾಯಾಗ ಹಾಕ್ಕೋಬೇಕು" ಎಂದು ಎದುರುಮನೆಯ ಹಣಮಮ್ಮ ಸಂತೆಯಲ್ಲೂ ಮದುವೆಮನೆಯಲ್ಲೂ ಸಾರಿಬಿಟ್ಟಿದ್ದಳು. ಕಾಂತಾಬಾಯಿಗೆ ಮೈಮೇಲಿನ ಬಂಗಾರ ಹೋದರೂ ನಡೆಯುತ್ತಿತ್ತು, ಈ ಮಾತು ಹೋಗಬಾರದಿತ್ತು.

ಹೀಗಿರುವಾಗ ಎರಡು ಸಾವಿರದ ಹನ್ನೊಂದರ ಸಕಲ ಜನುಲ ಸಮ್ಮೆ, ಎಂದರೆ ಎಲ್ಲ ಜನರ ಮುಷ್ಕರ, ಬಂತು. ತೆಲಂಗಾಣ ಬೇಕೆಂದು ಬಸ್ಸು ನಿಂತವು, ಕಚೇರಿ ನಿಂತವು, ಶಾಲೆ ನಿಂತವು. ಶಾಲೆ ನಿಂತದ್ದರಿಂದ ಆಕೆಯ ಗಂಡ ಸೂರ್ಯಕಾಂತ ಮಾಸ್ತರ ಮನೆಯಲ್ಲಿ ಕೂತ. ಬೆಳಗ್ಗೆ ಧರಣಿಯ ಡೇರೆಗೆ ಹೋಗಿ ಘೋಷಣೆ ಕೂಗುವುದು, ಮಧ್ಯಾಹ್ನ ಬಂದು ಟಿವಿ ಮುಂದೆ ಕಾಲು ಚಾಚುವುದು. ಟಿವಿಯಲ್ಲೊಂದು ದಿನ ತುಟಿಗೆ ಬಣ್ಣ ಹಚ್ಚಿದ ಹೆಂಗಸು ಆಪಲ್ ಸೈಡರ್ ಡೋನಟ್ಟು ಮಾಡಿ ತೋರಿಸುತ್ತಿದ್ದಳು. ಅದು ಅಮೆರಿಕದ ತಿಂಡಿ, ಸೇಬಿನ ರಸ ಹಾಕಿ ಕಲಸಿದ ಸಿಹಿ ವಡೆ, ನಡುವೆ ತೂತು. "ಈಗ ಸೈಡರ್ ತಯಾರಿಸುವ ವಿಧಾನ" ಎಂದು ಆಕೆ ಬಾಯಿ ತೆರೆದಳು, ಕರೆಂಟು ಹೋಯಿತು. ಕಲ್ಲಿದ್ದಲಿನ ಗಣಿಯವರೂ ಸಮ್ಮೆಯಲ್ಲಿದ್ದ ಕಾಲ. ಹೋದ ಕರೆಂಟು ನಾಲ್ಕು ತಾಸು ಬರಲಿಲ್ಲ.

ಉಳಿದರ್ಧವನ್ನು ಮಾಸ್ತರ ಸ್ವಂತ ತಲೆಯಿಂದ ತುಂಬಿಕೊಂಡ. ಸಂಜೆ ಡೇರೆಯಲ್ಲಿ ಮೈಕು ಹಿಡಿದು, ರವಿವಾರ ಹೈವೇ ಮೇಲೆ ನಡೆಯುವ ವಂಟಾ ವಾರ್ಪಿಗೆ ತನ್ನ ಮನೆಯಿಂದ ನೂರೊಂದು ಡೋನಟ್ಟು ಎಂದು ಸಾರಿಯೂ ಬಂದ. ವಂಟಾ ವಾರ್ಪೆಂದರೆ ಊರಿಗೆ ಊರೇ ರಸ್ತೆಯ ನಡುವೆ ಒಲೆ ಹೂಡಿ, ಬೇಯಿಸಿ, ಅಲ್ಲೇ ಪಂಕ್ತಿ ಕೂತು ಉಣ್ಣುವ ಹೋರಾಟ.

"ನನ್ನ ಮನಿ ಹೆಸರ ತಗೊಂಡು ಹೇಳಿ ಬಂದ್ರೇನು?" ಎಂದಳು ಕಾಂತಾಬಾಯಿ.

"ಮತ್ತ! ಕಾಂತಾಬಾಯಿ ಮನೀದು ಅಂದ ಕೂಡ್ಲೆ ಚಪ್ಪಾಳಿ ಬಿತ್ತು ನೋಡು. ಶಾಸಕರಿಗೂ ಅಷ್ಟು ಬಿದ್ದಿಲ್ಲ."

ಮರುದಿನ ಸೇಬು ಬಂದವು. ಬೀದರ್ ತಿರುವಿನಲ್ಲಿ ಹನ್ನೊಂದು ದಿನದಿಂದ ಸಿಕ್ಕಿಬಿದ್ದಿದ್ದ ಲಾರಿಯವು. ಡ್ರೈವರನೇ ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಕೈಮುಗಿದು, ಒಯ್ಯಿರಪ್ಪಾ ಎಂದು ಕೊಟ್ಟದ್ದು. ಮಾಸ್ತರನ ಜತೆ ಶಾಲೆಯಲ್ಲಿ ಕಲಿಸುವ ಕಂಗ್ಟಿಯ ಜೈಪಾಲ ಎರಡು ಪೆಟ್ಟಿಗೆ ಹೊತ್ತು ತಂದಿಟ್ಟ. ಕೆಳಗಿನಿಂದ ಕಂದು ರಸ ಜಿನುಗಿ, ಸವೆದ ತಾಂಡೂರು ಕಲ್ಲಿನ ಮೇಲೆ ಹರಿಯಿತು. ಒತ್ತಿದರೆ ಬೆರಳು ಮೊಣಕೈವರೆಗೆ ಒಳಹೋಗುವಂಥ ಸೇಬು. ಒಂದನ್ನು ಸೀಳಿದರೆ ಹುಳವೊಂದು ತಲೆಯೆತ್ತಿ, ನೆಂಟರ ಮನೆಗೆ ಬಂದವರಂತೆ ಎಲ್ಲರನ್ನೂ ನೋಡಿತು.

"ಥೂ! ಥೂ! ಹುಳ ಅದರಿ!"

"ಕುದಿಸಿದ್ರ ಏನ್ ಉಳೀತದರಿ ಅಕ್ಕಾ?" ಎಂದ ಜೈಪಾಲ.

"ಹುಳದ ಸಾರು ಉಳೀತದ!"

ರಸ ಹಿಂಡಿದ್ದಾಯಿತು, ಅದೂ ಮಾಸ್ತರನ ಹಳೇ ಬನಿಯನ್ನಿನಲ್ಲಿ. ಈಗ ಸೈಡರ್ ಆಗುವುದು ಹೇಗೆ? ಅದು ಹುಳಿ ಇರುತ್ತದೆಂದು ಜೈಪಾಲ ಎಲ್ಲೋ ಓದಿದ್ದ. ಹುಳಿ ಬರಿಸುವುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಸ್ತರ ಸೀದಾ ಅಂಬಲಿ ಗಡಿಗೆಗೆ ಕೈ ಹಾಕಿದ. ಜೋಳದ ಹಿಟ್ಟು ಕಲಸಿಟ್ಟು ಹುಳಿ ಬರಿಸುವ ಆ ಗಡಿಗೆ ಅವನ ಅಜ್ಜಿಯ ಕಾಲದ್ದು. ತಳದಲ್ಲಿ ಸದಾ ಒಂದು ಸೌಟು ಹುಳಿನೀರು ಇರುತ್ತಿತ್ತು. ಆ ನೀರಿನ ಮೇಲೆಯೇ ಸೇಬಿನ ರಸ ಸುರಿದು, ಬಟ್ಟೆ ಕಟ್ಟಿ, ಒಲೆಯ ಮಗ್ಗುಲಿಗಿಟ್ಟ.

ಮೊದಲ ದಿನ ಗಡಿಗೆ ಗುಳುಗುಳು ಅಂದಿತು. ಎರಡನೆಯ ದಿನ ಬುಸುಗುಟ್ಟಿತು. ಮೂರನೆಯ ದಿನ ಮಧ್ಯಾಹ್ನ ಕಟ್ಟಿದ ಬಟ್ಟೆಯನ್ನು ತಾನೇ ಒದ್ದು, ಬೂದು ನೊರೆಯನ್ನು ಗೋಡೆಯವರೆಗೆ ಕಾರಿಕೊಂಡಿತು. ವಾಸನೆ ಹೇಗಿತ್ತೆಂದರೆ, ಒದ್ದೆ ಎಮ್ಮೆಗೆ ಸೇಂದಿ ಕುಡಿಸಿ, ಬಾಗಿಲು ಹಾಕಿದ ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಕರಣಕೋಟದ ಸಿಮೆಂಟು ಕಾರ್ಖಾನೆಯವರೂ ಆ ದಿನ ವಾಸನೆ ತಮ್ಮದೇನೋ ಎಂದು ಚಿಮಣಿ ಕಡೆ ನೋಡಿರಬೇಕು. ನಾರಾಯಣಖೇಡದಿಂದ ಈಚೆಗಿನ ನೊಣಗಳೆಲ್ಲ ಸಮ್ಮೆ ಮುರಿದು ಕಾಂತಾಬಾಯಿಯ ಅಡುಗೆಮನೆಗೆ ಕೆಲಸಕ್ಕೆ ಬಂದವು.

ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿನಲ್ಲಿ ಕೂತಳು. ಎರಡು ದಿನ ಊಟ ಸೇರಲಿಲ್ಲ. "ಚೆಲ್ಲಿ ಬರ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಮಂದಿ ನನ್ನ ನಂಬಿ ತಿಂತಾರ."

"ಮೈಕಿನ್ಯಾಗ ಹೇಳೀನಲ್ಲ ಮಾರಾಯ್ತಿ!"

ರವಿವಾರ ಬೆಳಗ್ಗೆ ಮಾಸ್ತರ ಆ ರಸಕ್ಕೆ ಮೈದಾ, ಸಕ್ಕರೆ, ಸೋಡಾ ಸುರಿದು ಕಲಸಿದ. ಹಿಟ್ಟು ಕೈ ಬಿಡಲಿಲ್ಲ. ಮೊಣಕೈಗೆ, ಮೀಸೆಗೆ, ಗೋಡೆಯ ಕ್ಯಾಲೆಂಡರಿಗೆ ಹತ್ತಿತು. ಲೋಟದಿಂದ ವಡೆ ಕತ್ತರಿಸಿದ. ನಡುವಿನ ತೂತಿಗೆ ಕಿಸೆಯಿಂದ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಹದಿನೈದು ವರ್ಷ ಪೇಪರು ತಿದ್ದುವಾಗೆಲ್ಲ ಜಗಿದು ಜಗಿದು ಹಲ್ಲಿನ ಗುರುತು ಬಿದ್ದ ಮುಚ್ಚಳ. ಕಾಂತಾಬಾಯಿ ಅದನ್ನು ಕಿಟಕಿಯಿಂದ ಕಂಡಳು. ಅದೇ ಹೊತ್ತಿಗೆ ಹಿತ್ತಲಿನ ತುಳಸಿಗೂ ವಾಕರಿಕೆ ಬಂದಂತೆ ಕಂಡಿತು.

ಕುಸುಬೆ ಎಣ್ಣೆಯಲ್ಲಿ ಬಿದ್ದ ಡೋನಟ್ಟುಗಳು ಎಣ್ಣೆಯನ್ನೆಲ್ಲ ಕುಡಿದು, ಎಮ್ಮೆಯ ಮೂಗಿನಂತೆ ಕಪ್ಪಾಗಿ ಹೊಳೆಯುತ್ತ ಮೇಲೆ ಬಂದವು. ಮೇಲೊಂದಿಷ್ಟು ದಾಲ್ಚಿನ್ನಿ ಪುಡಿ. ಒತ್ತಿದರೆ ಎಣ್ಣೆಯೂ ಹುಳಿಯೂ ಕೂಡಿ ಜಿನುಗುತ್ತಿತ್ತು.

ಕಾಂತಾಬಾಯಿ ಸುಮ್ಮನಿರಲಿಲ್ಲ. ಹಿತ್ತಲಿನಲ್ಲಿ ಬೇರೆ ಒಲೆ ಹೂಡಿ, ಮಿಂದು, ಹಿತ್ತಾಳೆ ಗುಂಡಿ ತುಂಬ ಗೋಧಿ ಹುಗ್ಗಿ ಮಾಡಿಕೊಂಡು ಹೊರಟಳು. ಮನೆಯ ಹೆಸರಿಗೆ ಒಂದಾದರೂ ಚೊಕ್ಕ ಪದಾರ್ಥ ಇರಲಿ ಎಂದು.

ಹೈವೇ ಮೇಲೆ ಮೈಲುಗಟ್ಟಲೆ ಒಲೆ, ಹೊಗೆ, ಜೈ ತೆಲಂಗಾಣ. ಮಾಸ್ತರ ಬುಟ್ಟಿಯ ಬಟ್ಟೆ ತೆಗೆದ. ಮುಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು, ಹಿಂದಿನವರು ಏನೆಂದು ಮುಂದೆ ನೂಕಿದರು. ಎಲ್ಲರ ಕಣ್ಣೂ ಕಾಂತಾಬಾಯಿಯ ಮೇಲೆ.

ಹಣಮಮ್ಮ ಒಂದನ್ನೆತ್ತಿ ಆಕೆಯ ಮೂಗಿನ ಮುಂದೆ ಹಿಡಿದಳು. "ನಿನ್ನ ಮನೀದಲ್ಲೇನವ್ವಾ? ನೀ ಮೊದಲ ಒಂದು ತುತ್ತು ಕಡಿ. ನೀ ತಿಂದಿ ಅಂದ್ರ ನಾವೆಲ್ಲಾರೂ ತಿಂತೀವಿ."

ಕಾಂತಾಬಾಯಿ ಗಂಡನನ್ನು ನೋಡಿದಳು. ಅವನು ತಿನ್ನು ಎಂಬಂತೆ ತಲೆಯಾಡಿಸಿ, ಕಣ್ಣಲ್ಲೇ ಬೇಡುತ್ತಿದ್ದ. ನುಂಗಿಬಿಟ್ಟರೆ ಅವನ ಮಾನ ಉಳಿಯುತ್ತದೆ. ಆದರೆ ಇಡೀ ಊರು ತನ್ನನ್ನು ನಂಬಿ ಆ ಹೊಲಸು ತಿನ್ನುತ್ತದೆ. ಆಕೆ ಕಣ್ಣು ಮುಚ್ಚಿ ಕಡಿದಳು. ಮೊದಲು ಎಣ್ಣೆ, ಆಮೇಲೆ ಹುಳಿ, ಆಮೇಲೆ ಬನಿಯನ್ನು, ಕೊನೆಗೆ ಆ ಮುಚ್ಚಳ ಕಣ್ಣ ಮುಂದೆ ಬಂತು. ಉಗುಳಿದಳು ನೋಡಿ! ಮುಂಬೈಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಈ ಅಂಚಿನಿಂದ ಆ ಅಂಚಿಗೆ ಹೋಗಿ ಬಿತ್ತು.

"ನನ್ನ ಮನೀದೇ ಖರೇ," ಎಂದಳು ಬಾಯಿ ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ. "ಖರೇ ಅಂದ್ರೂ ಹೊಲಸದ. ಕೊಳೆತ ಸೇಬು, ಹುಳ, ಬನಿಯನ್ನು. ಯಾರೂ ಮುಟ್ಟಬ್ಯಾಡ್ರಿ. ಹುಗ್ಗಿ ತಂದೀನಿ, ಹುಗ್ಗಿ ಉಣ್ರಿ."

ಮಾಸ್ತರನ ಮುಖ ಬುಟ್ಟಿಯೊಳಗೆ ಇಳಿಯಿತು. ಆಮೇಲೆ ಜೈಪಾಲ ಸ್ನೇಹಿತನ ಮರ್ಯಾದೆಗೆಂದು ಒಂದು ಬಾಯಿಗೆ ಹಾಕಿಕೊಂಡ. ಜಗಿದ. ನಿಂತ. ಮತ್ತೆ ಜಗಿದ.

"ಮಾಸ್ತರೇ, ಸೇಂದಿ ಹಾಕಿ ಕರದಂಗ ಅದರಿ!"

ಆ ಮಾತು ಬಾಯಿಂದ ಬಿದ್ದದ್ದೇ ತಡ, ಕೈಗಳು ಬಂದವು. ಗಂಡಸರವು, ಹೆಂಗಸರವು, ಬಂದೋಬಸ್ತಿಗೆ ನಿಂತ ಪೊಲೀಸರವು. ಕಂದು ಎಣ್ಣೆ ಗದ್ದದಿಂದ ಇಳಿದು ಹೋರಾಟದ ಗುಲಾಬಿ ಶಾಲುಗಳ ಮೇಲೆ ಹರಿಯಿತು. ಬೆರಳು ನೆಕ್ಕಿದರು, ಅದೇ ಬೆರಳನ್ನು ಮತ್ತೆ ಬುಟ್ಟಿಗೆ ಹಾಕಿದರು. ಬಿದ್ದದ್ದನ್ನು ಡಾಂಬರಿನ ಮೇಲಿಂದ ಎತ್ತಿ, ಊದಿ, ತಿಂದರು. ಹುಗ್ಗಿಯ ಗುಂಡಿಯ ಮುಚ್ಚಳ ಯಾರೂ ತೆಗೆಯಲಿಲ್ಲ. ಅದರ ಮೇಲೊಬ್ಬ ಕೂತೇಬಿಟ್ಟಿದ್ದ.

ಹಣಮಮ್ಮ ಎರಡೂ ಗಲ್ಲ ಉಬ್ಬಿಸಿಕೊಂಡು ಬಂದು, ಜಿಡ್ಡು ಕೈಯಿಂದಲೇ ಕಾಂತಾಬಾಯಿಯ ಗದ್ದ ಹಿಡಿದಳು.

"ನಿನ್ನ ಮಾತು ಯಾವತ್ತೂ ಸುಳ್ಳಾಗಂಗಿಲ್ಲ ನೋಡವ್ವಾ. ಹೊಲಸೇ ಅದ. ಬುಟ್ಟಿ ಈಚೀಗಿ ಸರಸು, ಇನ್ನೊಂದು ತಗೋತೀನಿ."

ಕಾಂತಾಬಾಯಿ ಮುಖ ಅತ್ತ ತಿರುಗಿಸಿ, ಎರಡೇ ಬೆರಳಲ್ಲಿ ಬುಟ್ಟಿಯನ್ನು ಈಚೆಗೆ ಸರಿಸಿದಳು.