ಸಾವಿರ ಗಂಟೆಯ ಸಹಿ

ಅಕ್ಕ ತಂದುಕೊಟ್ಟ ಕಂಪ್ಯೂಟರ್ ಕೂಲರ್‌ನ ಕೊಳವೆಯನ್ನು ಬ್ಲೇಡಿನಿಂದ ಕೊಯ್ದಾಗ ಮೊದಲು ಹೊಡೆದದ್ದು ವಾಸನೆ. ಹೂದಾನಿಯಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ನೀರಿನ ವಾಸನೆ. ಒಳಗಿನದು ಹರಿಯಲಿಲ್ಲ. ಬೂದು ಬಣ್ಣದ ಲೋಳೆ ನಿಧಾನವಾಗಿ ಜಾರಿ ಕೆಳಗಿಟ್ಟ ಬೇಸಿನ್ನಿಗೆ ಬಿತ್ತು, ನೆಗಡಿಯಾದವನು ಸಿಂಬಳ ತೆಗೆದು ಎಸೆದ ಹಾಗೆ. ಅದರ ಹಿಂದೆಯೇ ಬಿಳಿ ಪುಡಿ ಉದುರಿತು. ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಮತ್ತೆ ಕೂತೆ.

ಇಂಥ ಕೂಲರ್‌ಗಳನ್ನು ತಯಾರಿಸುವ ಕಾರ್ಖಾನೆಯಲ್ಲೇ ನನ್ನ ಕೆಲಸ. ಪರೀಕ್ಷೆಯ ಕೋಣೆ ನನ್ನದು. ಕಂಪ್ಯೂಟರಿನ ಪ್ರೊಸೆಸರ್ ಕೆಲಸ ಮಾಡುತ್ತಾ ಮಾಡುತ್ತಾ ಹೆಂಚಿನ ಹಾಗೆ ಕಾಯುತ್ತದೆ. ಅದರ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಬಿಲ್ಲೆಯೊಳಗೆ ನೀರು ಹಾಯಿಸಿ, ಬಿಸಿಯಾದ ನೀರನ್ನು ಪುಟ್ಟ ಪಂಪಿನಿಂದ ರೇಡಿಯೇಟರ್‌ಗೆ ತಳ್ಳಿ, ಅಲ್ಲಿ ಫ್ಯಾನಿನ ಗಾಳಿಗೆ ಆರಿಸಿ ವಾಪಸ್ ಕಳಿಸುವುದು. ಇಷ್ಟೇ, ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಸೇರಿದ ಹೊಸದರಲ್ಲಿ ನಮಗೆಲ್ಲ ಹುರುಪಿತ್ತು. ಪಂಪಿನ ಗೊರಗೊರ ಅಡಗಿಸಲು ಒಂದು ವರ್ಷ ಒದ್ದಾಡಿದೆವು. ಬಿಲ್ಲೆಯೊಳಗೆ ನೀರು ಹಾಯುವ ಗೀರುಗಳನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಲು ಎರಡು ವರ್ಷ. ಆಮೇಲೆ ಎಲ್ಲ ನಿಂತುಹೋಯಿತು. ಮಾರಾಟ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದ. ನಾವು ಅವನಿಗೆ ಇಟ್ಟ ಹೆಸರು ಜಗಮಗ. ಒಳಗೆ ಕೈ ಹಾಕಬೇಡಿ, ಹೊರಗೆ ಏನಾದರೂ ಮಾಡಿ ಎಂದ. ಮೊದಲ ವರ್ಷ ಪಂಪಿನ ಮುಚ್ಚಳಕ್ಕೆ ದೀಪ ಬಂತು. ಮರುವರ್ಷ ಬಣ್ಣ ಬದಲಾಯಿಸುವ ದೀಪ. ಅದರ ಮರುವರ್ಷ ಹಾಡಿಗೆ ತಕ್ಕಂತೆ ಕುಣಿಯುವ ದೀಪ. ಆಮೇಲೆ ಅಂಗೈಯಗಲದ ಪರದೆ, ಪರದೆಯಲ್ಲಿ ಗಡಿಯಾರ, ಕೊನೆಗೆ ಈ ವರ್ಷ ಬಾಲ ಅಲ್ಲಾಡಿಸುವ ಬೆಕ್ಕು. ಒಳಗೆ ಮಾತ್ರ ಅದೇ ಪಂಪು, ಅದೇ ಬಿಲ್ಲೆ, ಅದೇ ನೀರು. ಪ್ರತಿ ಸಲವೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ಕ್ರಾಂತಿ’ ಎಂದು ಅಚ್ಚು ಹಾಕಿಸಿದರು. ಆರು ವರ್ಷದಲ್ಲಿ ಆರು ಕ್ರಾಂತಿ. ನನಗೆ ವಾಕರಿಕೆ ಬರುತ್ತಿತ್ತು. ಬಂದರೂ ಸಂಬಳ ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆ.

ನಮ್ಮಲ್ಲಿ ಒಂದು ನಿಯಮವಿದೆ. ಹೊಸ ಮಾದರಿಯ ಹತ್ತು ಕೂಲರ್‌ಗಳನ್ನು ಸಾವಿರ ಗಂಟೆ ಬಿಡದೆ ಓಡಿಸಬೇಕು, ಆಮೇಲೆ ಕೊಯ್ದು ಒಳಗೆ ನೋಡಬೇಕು. ಆ ವರದಿಗೆ ನಾನು ಹಾಕುವ ಸಹಿಯನ್ನೇ ಅಚ್ಚು ಮಾಡಿ ಪ್ರತಿ ಡಬ್ಬದೊಳಗೂ ಒಂದು ಚೀಟಿ ಇಡುತ್ತಾರೆ. ಮೊದಲ ಮೂರು ವರ್ಷ ನಾನು ಆ ಯಂತ್ರಗಳ ಮುಂದೆಯೇ ಬಿದ್ದುಕೊಂಡಿದ್ದೆ. ದೀಪದ ಮಾದರಿ ಬಂದಾಗ ಬಿಚ್ಚಿ ನೋಡಿದೆ. ಒಳಗೆ ಹೋದ ವರ್ಷದ್ದೇ ಹೂರಣ. ಹಳೆಯ ವರದಿಯನ್ನೇ ತೆರೆದು ಹೆಸರು, ತಾರೀಖು ಬದಲಾಯಿಸಿದೆ. ಮರುವರ್ಷ ಬಿಚ್ಚಿಯೂ ನೋಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಪೈಕಿಗೆ ನಾನೂ ಸೇರಿದೆ. ಏನೂ ಬದಲಾಗದ ವಸ್ತುವನ್ನು ಎಷ್ಟು ಸಲ ಪರೀಕ್ಷೆ ಮಾಡುವುದು ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ.

ಈ ವರ್ಷ ಒಳಗೆ ಬದಲಾಗಿತ್ತು.

ಬೇಸಿನ್ನಿನ ಮೇಲೆ ರೇಡಿಯೇಟರ್ ಹಿಡಿದು ಬ್ಲೇಡಿನ ತುದಿಯಿಂದ ಕೆರೆದೆ. ತಾಮ್ರದ ಬಣ್ಣ ಸಿಪ್ಪೆಯ ಹಾಗೆ ಎದ್ದುಬಂತು. ಕೆಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಅಗ್ಗದ ಲೋಹ ಹಾಕಿ, ಮೇಲೆ ತಾಮ್ರದ ಬಣ್ಣ ಬಳಿದಿದ್ದರು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿದ್ದರೆ, ಆ ನೀರಿಗೆ ತಕ್ಕ ಔಷಧ ಬೆರೆಸದಿದ್ದರೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಇದು ಶಾಲೆಯ ಪಾಠ. ಪುಡಿಯಾಗುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ, ಕೊನೆಗೆ ತೂತು ಬಿದ್ದು ನೀರು ಬೋರ್ಡಿನ ಮೇಲೆ ಸುರಿಯುತ್ತದೆ. ಮುನ್ನೂರು ಗಂಟೆ ಓಡಿಸಿದ್ದರೂ ಗೊತ್ತಾಗುತ್ತಿತ್ತು. ನಾನು ಹತ್ತು ನಿಮಿಷವೂ ಓಡಿಸಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಅಕ್ಕನಿಗೆ ಇದೆಲ್ಲ ಅರ್ಥವಾಗಲಿಲ್ಲ. ಅವಳು ನರ್ಸಿಂಗ್ ಕಾಲೇಜಿಗೆ ಪಾಠದ ವಿಡಿಯೋ ಮಾಡಿಕೊಡುತ್ತಾಳೆ. ಭಾವ ಹೋದಮೇಲೆ ಅವಳ ಅನ್ನ ಆ ಒಂದು ಕಂಪ್ಯೂಟರಿನಿಂದ. ಹೋದ ವಾರ ಅದರ ಹೊಟ್ಟೆಯೊಳಗೆ ನೀರು ಸುರಿದು ಬೋರ್ಡು ಸುಟ್ಟಿತ್ತು, ಜೊತೆಗೆ ಮೂರು ತಿಂಗಳ ಕೆಲಸವೂ. ವಾರಂಟಿ ಕೇಳಿ ನಮ್ಮ ಕಂಪನಿಗೆ ಬರೆದಿದ್ದಳು. ಬಂದ ಉತ್ತರವನ್ನು ನನಗೆ ಕೊಟ್ಟಳು. ವಸ್ತು ಸಾವಿರ ಗಂಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ, ಆದ್ದರಿಂದ ದೋಷ ಜೋಡಿಸಿಕೊಂಡವರದ್ದು. ಅದರ ಜೊತೆಗೆ ನನ್ನ ವರದಿಯ ಪ್ರತಿ.

‘ನಾನೇ ಸ್ಕ್ರೂ ಜಾಸ್ತಿ ಬಿಗಿ ಮಾಡಿಬಿಟ್ನೇನೋ ಕಣೆ,’ ಎಂದಳು ಅಕ್ಕ. ‘ನೀನು ನೋಡಿ ಕಳ್ಸಿದ್ದು ಕೆಟ್ಟಿರೋಕೆ ಸಾಧ್ಯಾನೇ ಇಲ್ಲ. ನನ್ನ ಕೈಯೇ ಸರಿ ಇಲ್ಲ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಒಂದಿಷ್ಟು ನಾಚಿಕೆ ಇರುತ್ತದೆ. ನಾನು ಸುಮ್ಮನೆ ಬೇಸಿನ್ನಿಗೆ ಮುಚ್ಚಳ ಮುಚ್ಚಿದೆ. ‘ನಾಳೆ ಆಫೀಸಲ್ಲಿ ಕೇಳ್ತೀನಿ ಅಕ್ಕ,’ ಎಂದೆ.

ಮರುದಿನ ಬೆಳಗ್ಗೆ ಆ ಬೇಸಿನ್ನನ್ನು ಹಾಗೆಯೇ ಒಯ್ದು ಜಗಮಗನ ಮೇಜಿನ ಮೇಲಿಟ್ಟೆ. ಅವನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

‘ಇದು ನಮ್ಮಕ್ಕನ ಕಂಪ್ಯೂಟರಿಂದು. ರೇಡಿಯೇಟರ್ ಬದಲಾಯ್ಸಿದ್ದು ನನಗ್ಯಾಕೆ ಹೇಳಲಿಲ್ಲ?’ ಎಂದೆ.

‘ಮೇಡಂ, ಪರೀಕ್ಷೆಗೆ ಹತ್ತು ಪೀಸ್ ಕಳ್ಸಿದ್ವಲ್ಲ. ನೀವೇ ಪಾಸ್ ಮಾಡಿದ್ರಿ. ಒಳಗೆ ಪೂರ್ತಿ ತಾಮ್ರ ಅಂತ ನೀವೇ ಬರ್ದಿದೀರ. ನಾವೂ ನಂಬಿದ್ವಿ.’

ಅವನು ನಕ್ಕ. ಅವನಿಗೆ ಎಲ್ಲ ಗೊತ್ತಿತ್ತು. ನಾನು ಪರೀಕ್ಷೆ ಮಾಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವರು ಲೋಹ ಬದಲಾಯಿಸಿದ್ದರು. ಆ ಹತ್ತೂ ಪೆಟ್ಟಿಗೆಗಳು ನನ್ನ ಕೋಣೆಯ ಮೂಲೆಯಲ್ಲಿ ಟೇಪು ಬಿಚ್ಚದೆ ಬಿದ್ದಿವೆ ಎಂದು ಗುಡಿಸುವವಳಿಗೂ ಗೊತ್ತಿತ್ತು.

‘ಮಾರಿದ್ದನ್ನೆಲ್ಲ ವಾಪಸ್ ಕರೆಸ್ಬೇಕು,’ ಎಂದೆ.

‘ಯಾಕೆ? ದೂರು ಬಂದಿರೋದೇ ಬಿಳಿ ಪುಡಿ ಕಾಣ್ತಿದೆ ಅಂತ.’ ಅವನು ಡ್ರಾಯರಿನಿಂದ ಒಂದು ಗಾಜಿನ ಶೀಷೆ ತೆಗೆದು ಬೇಸಿನ್ನಿನ ಪಕ್ಕ ಇಟ್ಟ. ಒಳಗೆ ಬೆಳ್ಳಗಿನ ದ್ರವ. ‘ಮುಂದಿನ ಮಾದರಿ ಇದು. ನೀರಿಗೇ ಹಾಲಿನ ಬಣ್ಣ. ಪುಡಿ ಎದ್ರೂ ಕಾಣಲ್ಲ. ಗಾಜಿನಂಥ ಕೊಳವೇಲಿ ಹಾಲು ಹರಿತಾ ಇದ್ರೆ ನೋಡೋಕೂ ಲಕ್ಷಣ. ಇನ್ನು ಹದಿನೈದು ದಿನಕ್ಕೆ ಬಿಡುಗಡೆ. ನಿಮ್ಮ ವರದಿ ಒಂದು ಬೇಕು.’

ತಿಪ್ಪೆ ಸಾರಿಸುವುದನ್ನು ಬೇಕಾದಷ್ಟು ನೋಡಿದ್ದೆ. ಸಾರಿಸಿದ ತಿಪ್ಪೆಗೆ ಹೊಸ ಹೆಸರಿಟ್ಟು ಮಾರುವುದನ್ನು ಅಂದೇ ಕಂಡದ್ದು. ಆರು ವರ್ಷದಲ್ಲಿ ಈ ಮನುಷ್ಯ ನೀರಿಗೆ ಕೈಯಿಟ್ಟದ್ದು ಇದೇ ಮೊದಲು, ಅದೂ ಕೊಳೆ ಮುಚ್ಚುವುದಕ್ಕೆ. ನನಗೆ ಅವನ ಮೇಲೆ ಹೇಸಿಗೆಯಾಯಿತು, ಆ ಶೀಷೆಯ ಮೇಲೆ ಹೇಸಿಗೆಯಾಯಿತು.

‘ಸಾವಿರ ಗಂಟೆ ಅಂದ್ರೆ ನಲವತ್ತೆರಡು ದಿನ ಆಗುತ್ತೆ,’ ಎಂದೆ.

‘ಹೋದ ಸಲ ಎಷ್ಟು ಹೊತ್ತಾಯ್ತು ಮೇಡಂ?’

ಅವನು ದನಿ ತಗ್ಗಿಸಿದ. ‘ನಿಮ್ಮ ಅಕ್ಕನವರದ್ದು ನಾನು ನೋಡ್ಕೋತೀನಿ. ಹೊಸ ಕಂಪ್ಯೂಟರ್ ಮನೆಗೇ ಕಳಿಸ್ತೀನಿ. ಅವರೊಬ್ಬರಿಗೆ. ನೀವು ಇದೊಂದು ಸಹಿ ಹಾಕಿ.’

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆಸೆಪಟ್ಟೆ. ಅಕ್ಕನಿಗೆ ಕಂಪ್ಯೂಟರು ಬರುತ್ತದೆ, ನನ್ನ ಕೆಲಸ ಉಳಿಯುತ್ತದೆ, ಕಾಗದ ಬಿಚ್ಚಿ ನೋಡುವವರು ಯಾರೂ ಇಲ್ಲ. ಕೋಣೆಗೆ ಬಂದು ಹಳೆಯ ವರದಿಯನ್ನು ತೆರೆದೆ. ಹೆಸರು ಅಳಿಸಿ ‘ಹಾಲು’ ಎಂದು ಬರೆದೆ. ತಾರೀಖು ಬದಲಾಯಿಸಿದೆ. ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಅಷ್ಟೂ ಕೆಲಸ ಮುಗಿದಾಗ ಒಂದು ನಿಮಿಷವೂ ಆಗಿರಲಿಲ್ಲ. ನಿನ್ನೆ ಕೈಗವಸು ಹಾಕಿಕೊಂಡಿದ್ದರೂ ಬೆರಳಿನಿಂದ ಆ ವಾಸನೆ ಹೋಗಿರಲಿಲ್ಲ. ಬಚ್ಚಲಿಗೆ ಓಡಿ ವಾಂತಿ ಮಾಡಿದೆ.

ತಿರುಗಿ ಬಂದು ಎಲ್ಲ ಅಳಿಸಿ ನಾಲ್ಕೇ ಸಾಲು ಬರೆದೆ. ‘ಈ ವರ್ಷದ ಕೂಲರ್‌ನಲ್ಲಿ ಬಣ್ಣ ಬಳಿದ ಅಲ್ಯೂಮಿನಿಯಂ ಇದೆ. ಅದು ಸೋರುತ್ತದೆ. ಕೂಡಲೇ ಬಿಚ್ಚಿ ತೆಗೆಯಿರಿ. ಆರು ವರ್ಷಗಳಿಂದ ನಾನು ಯಾವ ಪರೀಕ್ಷೆಯನ್ನೂ ಮಾಡದೆ ಸಹಿ ಹಾಕಿದ್ದೇನೆ.’ ಕೆಳಗೆ ಸಹಿ ಮಾಡಿ ಎಲ್ಲ ಅಂಗಡಿಗಳಿಗೂ, ವಾರಂಟಿ ವಿಭಾಗಕ್ಕೂ, ಅಕ್ಕನಿಗೂ ಕಳಿಸಿದೆ. ಮಧ್ಯಾಹ್ನದೊಳಗೆ ಗೇಟಿನವನು ನನ್ನ ಗುರುತಿನ ಚೀಟಿ ಕಿತ್ತುಕೊಂಡ.

ಅಕ್ಕನ ಮನೆಗೆ ಹೋದೆ. ಅವಳು ಅದನ್ನು ಓದಿಯಾಗಿತ್ತು.

‘ಆರು ವರ್ಷಾನಾ?’ ಎಂದಳು.

‘ಹೂಂ.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಕೇಳಿದೋರಿಗೆಲ್ಲ ಹೇಳ್ತಿದ್ದೆ, ನನ್ನ ತಂಗಿ ನೋಡಿ ಬಿಟ್ಟಿರೋದು, ಕಣ್ಮುಚ್ಚಿ ತಗೊಳ್ಳಿ ಅಂತ. ಒಂಬತ್ತು ಜನ ತಗೊಂಡಿದಾರೆ. ನನ್ನ ಮಾತು ಕೇಳಿ. ಬ್ಲೇಡು ತಗೋ, ಬೇಸಿನ್ ತಗೋ, ನಡಿ.’

ಮೊದಲನೆಯ ಮನೆ ನಿವೃತ್ತ ಗಣಿತದ ಮೇಷ್ಟರದ್ದು. ಅಕ್ಕ ನನ್ನ ಪರಿಚಯ ಹೇಳುತ್ತಲೇ ಅವರ ಮುಖ ಅರಳಿತು. ‘ನೀವೇನಾ ಆ ಸಹಿಯವರು? ಬನ್ನಿ ಬನ್ನಿ,’ ಎಂದು ಕೂರಿಸಿ, ತಾವೇ ಕಾಫಿ ತಂದುಕೊಟ್ಟರು. ನಾವು ಬಂದ ಕಾರಣ ಹೇಳಿದಾಗ ನಂಬಲೇ ಇಲ್ಲ. ‘ಚೆನ್ನಾಗೇ ಓಡ್ತಿದೆಯಲ್ಲಮ್ಮ. ಬೆಕ್ಕು ಬಾಲ ಅಲ್ಲಾಡಿಸ್ತಿದೆ ನೋಡಿ,’ ಎಂದರು.

ನಾನು ಕಂಪ್ಯೂಟರ್ ಆರಿಸಿ, ಕೂಲರ್ ಬಿಚ್ಚಿ, ಅವರ ಮೇಜಿನ ಮೇಲೆಯೇ ಕೊಳವೆ ಕೊಯ್ದೆ. ಲೋಳೆ ಬೇಸಿನ್ನಿಗೆ ಬಿತ್ತು. ಕೋಣೆಯೆಲ್ಲ ಗಬ್ಬು ನಾತ ಹರಡಿತು. ಮೇಷ್ಟರು ಬಗ್ಗಿ ನೋಡಿದರು. ಡಬ್ಬದ ಚೀಟಿಯನ್ನು ಅವರು ಜೋಪಾನವಾಗಿ ಎತ್ತಿಟ್ಟಿದ್ದರು. ತಂದು ನನ್ನ ಮುಂದೆ ಹಿಡಿದರು.

‘ಇದು ನಿಮ್ಮದೇ ಸಹಿ ತಾನೆ?’

‘ನನ್ನದೇ ಸಾರ್.’

‘ಇದನ್ನ ನೀವು ನೋಡಿರ್ಲಿಲ್ವಾ?’

‘ಇಲ್ಲ ಸಾರ್. ನೋಡದೇ ಹಾಕಿದ್ದು.’

ಅವರು ಹೋಗಿ ಕಿಟಕಿ ತೆರೆದರು. ಆಮೇಲೆ ನನ್ನ ಮುಂದೆ ಇನ್ನೂ ಅರ್ಧ ಇದ್ದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಚೆಲ್ಲಿದ ಸದ್ದು ಕೇಳಿತು, ಲೋಟ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು.

ಅಕ್ಕ ಬೇಸಿನ್ನನ್ನು ನನ್ನ ಕೈಗೆ ಕೊಟ್ಟಳು.

‘ಇನ್ನೂ ಎಂಟು ಮನೆ ಇದೆ,’ ಎಂದಳು. ‘ನಡಿ.’